ಏನ್ ಗುರು ಇದು!

ನಮ್ಮ ಶಂಕರಪುರಂ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ‘ಏನು’ ಪ್ರಶ್ನೆಯಾಗಿ ಉಳಿದಿರುವುದೇ ಅಪರೂಪ. ಮಗಳು ಗಾಂಧಿ ಬಜಾರಿನ ದೋಸೆಯ ಫೋಟೊ ಹಾಕಿದರೆ ‘ಏನ್ ಗುರು ಇದು!’ ಎಂಬ ಮೆಚ್ಚುಗೆ. ಮೆಟ್ರೊ ದರ ಏರಿದರೆ ಸಂಕಟಕ್ಕೂ ಅದೇ ಮಾತು. ಮಂಗಳೂರಿನ ಸೊಸೆಯದು ‘ಎಂಥ ಸಾವು ಮಾರಾಯ್ರೇ’. ಬೆಂಗಳೂರಿನವರು ಬೆಚ್ಚಬೇಡಿ, ಅದು ಬರೀ ಬೇಸರ.

ಇದರಿಂದ ಭಾಷೆ ಕೆಡುವುದಿಲ್ಲ. ‘ಏನ್ ಚೆಂದ!’ ಎಂದು ನಮ್ಮಜ್ಜಿಯೂ ಉದ್ಗರಿಸುತ್ತಿದ್ದರು. ಕೆಡುವುದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತಿದಾಗ. ಅಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ‘ಬೆಲೆ ಏನು’ ಎಂದು ಕೇಳಿದರೆ ‘ತೊಗರಿ’ ಎಂಬ ಉತ್ತರ ಬರುತ್ತದೆ!

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಕೆ.ಪಿ. ರಾವ್ ಅವರು ಸುಲಭದ ಕೀಲಿಮಣೆ ವಿನ್ಯಾಸ ಕೊಟ್ಟು ದಶಕಗಳಾದವು. ತಮಾಷೆ ಎಷ್ಟು ಬೇಕಾದರೂ ಮಾಡಿ, ಕನ್ನಡ ಲಿಪಿಯಲ್ಲೇ ಮಾಡಿ.