ಭಾನುವಾರ ಎಲ್ಲಿ ಹೋಯಿತು?

ಗೋಕಾಕದಿಂದ ಮೂಡಲಗಿಗಾಗಲಿ ಹುಕ್ಕೇರಿಗಾಗಲಿ ಇರುವ ನೇರ ದೂರವನ್ನು ತಿಳಿಯಬೇಕಾದರೆ ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟರೆ ಸಾಕು. ಇಷ್ಟು ಚಿಕ್ಕ ನೆಲದಲ್ಲಿ ಭೂಮಿಯ ಗುಂಡುತನ ನಮ್ಮ ಲೆಕ್ಕವನ್ನು ಕೆಡಿಸದು. ಆದರೆ ಎರಡು ಊರುಗಳ ನಡುವೆ ಖಂಡಗಳೂ ಸಾಗರಗಳೂ ಇದ್ದರೆ ಇದೇ ಅಳತೆಪಟ್ಟಿ ನಮ್ಮನ್ನು ವಂಚಿಸುವುದು.

೨೦೨೧ರ ಜನವರಿ ೯, ಶನಿವಾರ ರಾತ್ರಿ ಸುಮಾರು ಎಂಟೂವರೆಗೆ ಏರ್ ಇಂಡಿಯಾ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿತು. ಅದರ ಚಾಲಕರೆಲ್ಲರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಖ್ಯಸ್ಥೆ. ನಡುವೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲಿಂದ ಹಾರಿ, ಅದು ಬೆಂಗಳೂರನ್ನು ಮುಟ್ಟಿದುದು ಜನವರಿ ೧೧, ಸೋಮವಾರ ನಸುಕಿನಲ್ಲಿ, ಮೂರು ಗಂಟೆ ದಾಟಿದ ಮೇಲೆ. ಇಲ್ಲಿ ಎರಡು ಪ್ರಶ್ನೆಗಳೇಳುವುವು. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕಾದ ವಿಮಾನ ಉತ್ತರಕ್ಕೇಕೆ ಹೋಯಿತು? ನಡುವಣ ಭಾನುವಾರ ಎಲ್ಲಿ ಹೋಯಿತು?

ಮೊದಲನೆಯದಕ್ಕೆ ಶಾಲೆಯ ಭೂಗೋಳವನ್ನೂ ಒಂದು ದಾರವನ್ನೂ ತೆಗೆದುಕೊಳ್ಳೋಣ. ಎರಡು ಊರುಗಳ ಮೇಲೆ ದಾರದ ತುದಿಗಳನ್ನು ಹಿಡಿದು ಬಿಗಿಯಾಗಿ ಎಳೆದರೆ, ಅದು ತಾನಾಗಿಯೇ ಉತ್ತರಕ್ಕೆ ಸರಿಯುವುದು. ಈ ದಾರಿಗೆ ಮಹಾವೃತ್ತವೆಂದು ಹೆಸರು. ಗೋಲದ ಮೇಲೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಇದರ ಉದ್ದ ಸುಮಾರು ೧೪,೦೦೦ ಕಿಲೋಮೀಟರು. ಗೋಡೆಗೆ ತೂಗುಹಾಕುವ ಮರ್ಕೇಟರ್ ಭೂಪಟದಲ್ಲಿ ಶಾಂತಸಾಗರದ ಮೇಲೆ ಗೆರೆ ಎಳೆದು, ಆ ‘ನೇರ’ ದಾರಿಯನ್ನೇ ಹಿಡಿದು ಹಾರಿದರೆ ಸುಮಾರು ೧೬,೦೦೦ ಕಿಲೋಮೀಟರು! ಹೆಚ್ಚಿದ ದೂರಕ್ಕೆ ಎರಡು ಗಂಟೆಗೂ ಮಿಕ್ಕಿದ ಹಾರಾಟ ಬೇಕು. ಅದಕ್ಕೆ ಬೇಕಾದ ಇಂಧನವನ್ನು ಹೊರುವುದಕ್ಕೂ ಇಂಧನ ಬೇಕು.

ಧ್ರುವದ ದಾರಿಯನ್ನು ಅಕ್ಷಾಂಶಗಳಿಂದಲೇ ಗುಣಿಸಬಹುದು. ಬೆಂಗಳೂರು ೧೩° ಉತ್ತರದಲ್ಲಿದೆ. ಅಲ್ಲಿಂದ ಧ್ರುವಕ್ಕೆ ೭೭°. ಸ್ಯಾನ್ ಫ್ರಾನ್ಸಿಸ್ಕೋ ಸುಮಾರು ೩೮° ಉತ್ತರದಲ್ಲಿದೆ, ಅಲ್ಲಿಂದ ೫೨°. ಒಟ್ಟು ೧೨೯°. ಒಂದು ಅಂಶಕ್ಕೆ ೧೧೧ ಕಿಲೋಮೀಟರಿನಂತೆ ಸುಮಾರು ೧೪,೩೦೦. ಅತಿ ಹತ್ತಿರದ ದಾರಿಗಿಂತ ಇದು ಮುನ್ನೂರು ಚಿಲ್ಲರೆ ಕಿಲೋಮೀಟರು ಮಾತ್ರ ಹೆಚ್ಚು. ಇಷ್ಟು ಸಣ್ಣ ಸುತ್ತಿನಿಂದ ಎದುರುಗಾಳಿ ತಪ್ಪುವುದಾದರೆ ಸುತ್ತೇ ಲಾಭ. ಗಂಟೆಗೆ ೯೦೦ ಕಿಲೋಮೀಟರಿನಂತೆ ಈ ದೂರಕ್ಕೆ ಸುಮಾರು ೧೬ ಗಂಟೆ. ಏರುವಾಗ ಇಳಿಯುವಾಗ ವೇಗ ಕಡಿಮೆ. ದಾರಿಯೂ ಅಲ್ಲಲ್ಲಿ ಬಾಗುವುದು. ಹೀಗೆ ಅದು ೧೭ ಗಂಟೆ ದಾಟುತ್ತದೆ.

ಇನ್ನು ಭಾನುವಾರದ ಮಾತು. ನಮ್ಮ ವಿದ್ಯಾರ್ಥಿನಿಯೊಬ್ಬಳ ಅಕ್ಕ ಇಂಥದೇ ವಿಮಾನದಲ್ಲಿ ಶನಿವಾರ ರಾತ್ರಿ ಹೊರಟಿದ್ದಳು. ಎಂಟೂವರೆಗೆ ಹದಿನೇಳು ಗಂಟೆ ಕೂಡಿಸಿದ ಮನೆಯವರು ಹುಕ್ಕೇರಿಯಿಂದ ಬೆಂಗಳೂರಿಗೆ ಹೋಗಿ, ಭಾನುವಾರ ಮಧ್ಯಾಹ್ನವೇ ನಿಲ್ದಾಣದಲ್ಲಿ ನಿಂತರು. ಸಂಜೆಯಾದರೂ ಮಗಳಿಲ್ಲ, ತಾಯಿಯ ಕಣ್ಣಲ್ಲಿ ನೀರು. ಕೂಡಿಸಿದುದು ಸರಿಯಾಗಿತ್ತು, ತಪ್ಪಿದ್ದುದು ಗಡಿಯಾರ. ಚಳಿಗಾಲದಲ್ಲಿ ನಮ್ಮ ಗಡಿಯಾರ ಕ್ಯಾಲಿಫೋರ್ನಿಯದ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದು. ಅಲ್ಲಿ ಶನಿವಾರ ರಾತ್ರಿ ಎಂಟೂವರೆಯಾದಾಗ ಹುಕ್ಕೇರಿಯಲ್ಲಿ ಭಾನುವಾರ ಬೆಳಗಿನ ಹತ್ತು ಗಂಟೆ. ಅದಕ್ಕೆ ಹದಿನೇಳನ್ನು ಕೂಡಿಸಿರಿ: ಸೋಮವಾರ ನಸುಕು! ಭಾನುವಾರ ಕಳೆದುಹೋಗಿರಲಿಲ್ಲ, ಮಗಳೊಡನೆ ಅದೂ ಆಕಾಶದಲ್ಲಿತ್ತು.