ಪಕ್ಷಾಘಾತದ ತರುವಾಯ ಮನೆಯ ಶುಶ್ರೂಷೆ

ನಮ್ಮ ಜನರು ಲಕ್ವವೆಂದು ಕರೆಯುವ ಪಕ್ಷಾಘಾತವು ಮೆದುಳಿಗೆ ರಕ್ತವನ್ನೊಯ್ಯುವ ನಾಳವೊಂದು ಕಟ್ಟಿಕೊಳ್ಳುವುದರಿಂದ ಅಥವಾ ಒಡೆಯುವುದರಿಂದ ಸಂಭವಿಸತಕ್ಕದ್ದು. ಆ ಗಳಿಗೆಯ ಚಿಕಿತ್ಸೆ ವೈದ್ಯರದು. ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕೆಂಬುದಿಷ್ಟನ್ನೇ ಹೇಳಿ ಅದನ್ನು ಬಿಡುತ್ತೇವೆ. ನಾವು ಇಲ್ಲಿ ವಿಚಾರ ಮಾಡಹೊರಟಿರುವುದು, ರೋಗಿಯು ಮನೆಗೆ ಹಿಂದಿರುಗಿದ ದಿನದಿಂದ ತೊಡಗುವ ಕಾರ್ಯವನ್ನು. ಇದು ಬಹುಮಟ್ಟಿಗೆ ಪತ್ನಿಯ ಪಾಲಿಗೋ ಪತಿಯ ಪಾಲಿಗೋ ಬರುತ್ತದೆ. ಅವರನ್ನು ಇದಕ್ಕಾಗಿ ಯಾರೂ ಮೊದಲೇ ಸಿದ್ಧಪಡಿಸಿರುವುದಿಲ್ಲ.

ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ತೊಡಕಿರುವುದು ಆ ಪ್ರೀತಿಯು ಹಿಡಿಯುವ ದಾರಿಯಲ್ಲಿ. ಪತಿಯು ಅಂಗಿಯ ತೋಳಿನೊಡನೆ ಹೆಣಗುತ್ತಿರುವುದನ್ನು ಕಂಡು, "ನೀವು ಸುಮ್ಮನಿರಿ, ನಾನು ಹಾಕುತ್ತೇನೆ" ಎಂದು ಗೃಹಿಣಿಯು ಮುಂದೆ ಬರುವುದು ಸಹಜವೇ ಸರಿ. ಆದರೆ ಆ ಹೆಣಗಾಟವೇ ಔಷಧ. ಮೆದುಳಿನ ಸತ್ತ ಭಾಗವು ಮತ್ತೆ ಜೀವಿಸುವುದಿಲ್ಲ. ಉಳಿದ ಭಾಗಗಳು ಅಭ್ಯಾಸಬಲದಿಂದ ಹೊಸ ಸಂಬಂಧಗಳನ್ನು ಬೆಳೆಸಿಕೊಂಡು, ನಷ್ಟವಾದ ಕೆಲಸವನ್ನು ಅಷ್ಟಿಷ್ಟು ವಹಿಸಿಕೊಳ್ಳುತ್ತವೆ. ಮೊದಲ ಮೂರು ತಿಂಗಳುಗಳಲ್ಲಿ ಈ ಚೇತರಿಕೆಯ ವೇಗ ಹೆಚ್ಚು. ಆಮೇಲೆ ಮಂದವಾದರೂ ನಿಂತುಹೋಗುವುದಿಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಕೈಬೆರಳುಗಳಲ್ಲಿ ಸ್ವಲ್ಪ ಚಲನೆ ಉಳಿದಿದ್ದ ರೋಗಿಗಳ ಒಳ್ಳೆಯ ಕೈಗೆ ಚೀಲದಂತಹ ಗವಸು ತೊಡಿಸಿ, ಎಚ್ಚರವಿರುವ ಹೊತ್ತಿನ ಬಹುಪಾಲು ಅದನ್ನು ಬಿಚ್ಚದಂತೆ ಎರಡು ವಾರ ಇರಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಅದರಿಂದ ದೊರೆತ ಗುಣವು ಒಂದು ವರ್ಷದ ತರುವಾಯವೂ ಕಂಡುಬಂದಿತು. ವೈದ್ಯರ ಸಲಹೆಯಿಲ್ಲದೆ ಮನೆಯಲ್ಲಿ ಕೈ ಕಟ್ಟಿಹಾಕಿರೆಂದು ನಾವು ಹೇಳುತ್ತಿಲ್ಲ. ಬಳಸದ ಅಂಗವು ಮರೆತುಹೋಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಆದಕಾರಣ ಅಂಗಿಯ ವಿಷಯದಲ್ಲಿ ಮಾಡಬಹುದಾದುದು ಇಷ್ಟು: ತೊಡುವಾಗ ಸೋತ ತೋಳು ಮೊದಲು, ಕಳಚುವಾಗ ಅದು ಕಡೆಗೆ, ಎಂಬ ಕ್ರಮವನ್ನು ಹೇಳಿಕೊಟ್ಟು, ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಹಿಡಿದರೂ ಪಕ್ಕದಲ್ಲಿ ಕುಳಿತಿರುವುದು. ಬೆಳಗಿನ ಹೊತ್ತು ಒಲೆಯ ಮೇಲೆ ಹಾಲಿಟ್ಟ ಹೆಂಗಸಿಗೆ ಇದು ಸುಲಭವಲ್ಲವೆಂಬುದನ್ನು ಬಲ್ಲೆವು.

ಕೈಹಿಡಿದು ಮಾಡಲೇಬೇಕಾದ ಕೆಲಸಗಳೂ ಉಂಟು. ತಾನಾಗಿ ಹೊರಳಲಾರದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿಯೂ ಹಿಮ್ಮಡಿಯಲ್ಲಿಯೂ ಹುಣ್ಣಾಗುತ್ತದೆ. ಎಬ್ಬಿಸುವಾಗ ಸೋತ ತೋಳನ್ನು ಹಿಡಿದೆಳೆಯಬಾರದು. ಬಲವಿಲ್ಲದ ಸ್ನಾಯುಗಳು ಭುಜದ ಕೀಲನ್ನು ಸ್ಥಾನದಲ್ಲಿ ಹಿಡಿದಿರಲಾರವು, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಎಲ್ಲಕ್ಕಿಂತ ಎಚ್ಚರ ಬೇಕಾದುದು ಊಟದಲ್ಲಿ. ಗಂಟಲ ಸ್ನಾಯುಗಳು ಸೋತಿದ್ದರೆ ನೀರು, ತಿಳಿಸಾರು, ಕಾಫಿ ಮುಂತಾದ ತೆಳುವಾದ ಪದಾರ್ಥಗಳೇ ಶ್ವಾಸನಾಳಕ್ಕೆ ಇಳಿದು ಪುಪ್ಪುಸಕ್ಕೆ ರೋಗ ತರುತ್ತವೆ. ಕೆಲವರಿಗೆ ಕೆಮ್ಮು ಸಹ ಬರುವುದಿಲ್ಲ. ಮಲಗಿದವರ ಬಾಯಿಗೆ ಚಮಚದಿಂದ ನೀರು ಬಿಡುವ ಪದ್ಧತಿಯು ಅಪಾಯಕರ. ನೆಟ್ಟಗೆ ಕುಳ್ಳಿರಿಸಿ, ಏನನ್ನು ಎಷ್ಟು ಗಟ್ಟಿಯಾಗಿ ಕೊಡಬೇಕೆಂದು ವೈದ್ಯರನ್ನು ಕೇಳಿ, ಸಣ್ಣ ತುತ್ತುಗಳಲ್ಲಿ ಉಣಿಸಿ, ಆಮೇಲೆ ಅರ್ಧ ಗಂಟೆ ಕುಳಿತೇ ಇರುವಂತೆ ನೋಡಿಕೊಳ್ಳತಕ್ಕದ್ದು. ಇನ್ನೊಂದು ವಿಚಿತ್ರ: ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡದ ಪ್ರಪಂಚವೇ ಇಲ್ಲದಂತಾಗುತ್ತದೆ. ಎಲೆಯ ಎಡತುದಿಯ ಉಪ್ಪಿನಕಾಯಿ, ಕೋಸಂಬರಿ ಹಾಗೆಯೇ ಉಳಿದಿರುತ್ತವೆ. ಅದು ಅರುಚಿಯಲ್ಲ, ಹಟವೂ ಅಲ್ಲ. ಎಡಗಡೆಗೆ ದೃಷ್ಟಿ ಹೊರಳಿಸುವಂತೆ ಮೆಲ್ಲಗೆ ನೆನಪಿಸಬೇಕು.

ಮಾತು ಹೋದವರ ಸಂಗತಿ ಹೆಚ್ಚು ಮರುಕದ್ದು. 1861ರಲ್ಲಿ ಪ್ಯಾರಿಸಿನ ಬ್ರೋಕಾ ಎಂಬ ವೈದ್ಯರು, ಒಂದೇ ಅಕ್ಷರವನ್ನು ಬಿಟ್ಟು ಬೇರೇನನ್ನೂ ಹೇಳಲಾರದಿದ್ದ ರೋಗಿಯೊಬ್ಬನ ಮೆದುಳಿನ ಎಡಭಾಗದಲ್ಲಿ ಗಾಯವನ್ನು ತೋರಿಸಿಕೊಟ್ಟರು. ಅಂತಹವರಲ್ಲಿ ಅನೇಕರಿಗೆ ನಾವಾಡುವ ಮಾತು ಬಹುಮಟ್ಟಿಗೆ ತಿಳಿಯುತ್ತದೆ, ಉತ್ತರವೂ ಮನಸ್ಸಿನಲ್ಲಿರುತ್ತದೆ. ನುಡಿ ಮಾತ್ರ ಹೊರಬಾರದು. ಅವರ ಎದುರಿನಲ್ಲಿಯೇ "ಇವರಿಗೇನೂ ತಿಳಿಯುವುದಿಲ್ಲ" ಎಂದು ನೆಂಟರೊಡನೆ ಹೇಳುವುದಕ್ಕಿಂತ ಕ್ರೂರವಾದದ್ದು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಹೌದು, ಅಲ್ಲ ಎಂದು ತಲೆಯಾಡಿಸಿ ತಿಳಿಸಬಹುದಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಕಾಯಬೇಕು. ಮಾತಾಡಲಾರದವರು ಬಾಲ್ಯದಿಂದ ಬಂದ ದೇವರನಾಮವನ್ನು ಹಾಡಬಲ್ಲರೆಂಬುದು ಅನೇಕ ವೇಳೆ ಮನೆಯವರನ್ನು ಬೆರಗುಗೊಳಿಸುತ್ತದೆ; ಈ ಗುಣವನ್ನೇ ಹಿಡಿದು ನುಡಿ ಕಲಿಸುವ ಚಿಕಿತ್ಸೆಯೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ರೋಗಿಗಳಿಗೆ ನೆರವು ದೊರೆಯುತ್ತದೆ.

ಪಕ್ಷಾಘಾತದಿಂದ ಉಳಿದವರಲ್ಲಿ ಸುಮಾರು ಮೂವರಿಗೊಬ್ಬರು ವಿಷಾದಕ್ಕೆ ಬೀಳುತ್ತಾರೆ. ವ್ಯಾಯಾಮ ಬೇಡವೆನ್ನುವವರು ಸೋಮಾರಿಗಳೆಂದು ತಿಳಿಯದೆ, ಅದನ್ನೂ ರೋಗದ ಅಂಗವೆಂದು ಬಗೆದು ವೈದ್ಯರಿಗೆ ತಿಳಿಸಬೇಕು. ಸಂಸಾರದ ವ್ಯವಹಾರದಿಂದ ಅವರನ್ನು ದೂರವಿಡುವುದೂ ತಪ್ಪು. ಲೂಯಿ ಪಾಶ್ಚರರಿಗೆ 1868ರ ಅಕ್ಟೋಬರಿನಲ್ಲಿ, 45ನೆಯ ವಯಸ್ಸಿನಲ್ಲಿ, ಎಡಭಾಗವು ಬಿದ್ದುಹೋಯಿತು. ಮರುವರ್ಷದ ಆರಂಭದಲ್ಲಿಯೇ ಅವರು ದಕ್ಷಿಣ ಫ್ರಾನ್ಸಿಗೆ ಪಯಣಿಸಿ ರೇಷ್ಮೆಹುಳುವಿನ ರೋಗದ ಶೋಧನೆಯನ್ನು ಮುಂದುವರಿಸಿದರು. ಪತ್ನಿ ಮರೀ ಅವರು ಹೇಳಿದುದನ್ನು ಬರೆದುಕೊಳ್ಳುತ್ತ, ಹುಳುಸಾಕಣೆಯಲ್ಲಿಯೂ ನೆರವಾಗುತ್ತ ಜೊತೆಗಿದ್ದರು. ಎಡಗೈ ಎಡಗಾಲು ಪೂರ್ತಿ ಸರಿಹೋಗಲಿಲ್ಲ. ಹುಚ್ಚುನಾಯಿ ಕಡಿತದ ಲಸಿಕೆಯನ್ನು ಪ್ರಯೋಗಿಸಿದ್ದು 1885ರಲ್ಲಿ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕವನ್ನೋ ಮೊಮ್ಮಗುವಿನ ಪಾಠವನ್ನೋ ವಹಿಸಿದರೂ ಸಾಕು.

ಹಾಗೆಂದು ಎಲ್ಲವೂ ಮನೆಯವರಿಂದಲೇ ಆಗುವುದೆಂದು ನಂಬಿಸಲಾರೆವು. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಕುರಿತು ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಂದು ಗುಂಪಿನ ಮನೆಯವರಿಗೆ ಅಭ್ಯಾಸ ಮಾಡಿಸುವ ಕ್ರಮವನ್ನು ಕಲಿಸಿ ಕಳುಹಿಸಿದ್ದರು. ಆರು ತಿಂಗಳ ಬಳಿಕ ಮೃತರಾದವರ ಮತ್ತು ಪರಾಧೀನರಾಗಿ ಉಳಿದವರ ಸಂಖ್ಯೆ ಎರಡು ಗುಂಪುಗಳಲ್ಲಿಯೂ ನೂರಕ್ಕೆ 47 ಇದ್ದಿತು. ಮನೆಯ ಶುಶ್ರೂಷೆ ವ್ಯರ್ಥವೆಂದು ಇದರಿಂದ ತಿಳಿಯಬೇಕಾಗಿಲ್ಲ. ಅಂಗಸಾಧನೆಯ ಶಿಕ್ಷಣ ಪಡೆದವರ ಸ್ಥಾನವನ್ನು ಹೆಂಡತಿಯೊಬ್ಬಳೇ ತುಂಬಲಾರಳೆಂದು ತಿಳಿಯಬೇಕು. ಪತಿಯು ಏಳಲಿಲ್ಲವೆಂದು ತನ್ನನ್ನೇ ದೂರಿಕೊಳ್ಳುವವಳಿಗೆ ಈ ಸಂಖ್ಯೆಯನ್ನು ಯಾರಾದರೂ ಹೇಳಬೇಕು. ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲು ಹೊರಳಿಸಿದವಳು ಹಗಲು ತಾನೂ ಮಲಗಬೇಕಷ್ಟೆ. ರೋಗಿಯನ್ನು ನೋಡಲು ಬರುವ ನೆಂಟರು ಕಿತ್ತಳೆಹಣ್ಣು ತಂದು, ಕಾಫಿ ಕುಡಿದು ಹೋಗುವುದು ವಾಡಿಕೆ. ಕಾಫಿಯನ್ನು ತಾವೇ ಮಾಡಿಕೊಂಡು, ಎರಡು ಗಂಟೆ ರೋಗಿಯ ಬಳಿ ಕುಳಿತು, ಆ ತಾಯಿಯನ್ನು ಮಲಗಲು ಕಳುಹಿಸುವುದು ಹಣ್ಣಿಗಿಂತ ಮೇಲು.