ಮಗ್ಗುಲು ಬದಲಿಸಿದ ಕೈಗಳು

ಅಪ್ರೈಸಲ್ ಸಮಯ ಬಂತೆಂದರೆ ಆಫೀಸಿನಲ್ಲಿ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ಓಡೋಕಾಗೋನು ಉಳೀತಾನೆ, ಆದಿಮಾನವನ ಕಾಲದಿಂದ್ಲೂ ಇದೇ ರೂಲ್." ಆದರೆ ಆ ಕಾಲದ ಮೂಳೆಗಳನ್ನು ಓದಿದವರು ಹೇಳುವುದೇ ಬೇರೆ.

ಉತ್ತರ ವಿಯೆಟ್ನಾಮಿನಲ್ಲಿ ಮಾನ್ ಬಾಕ್ ಎಂಬ ಜಾಗವಿದೆ. 2007ರಲ್ಲಿ ಅಲ್ಲಿ ಸುಮಾರು 4,000 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿತು. ಸುತ್ತಲಿನ ಸಮಾಧಿಗಳಲ್ಲಿ ಜನರನ್ನು ನೇರವಾಗಿ ಮಲಗಿಸಿದ್ದರೆ, ಇಲ್ಲೊಬ್ಬ ಯುವಕ ಮಗುವಿನಂತೆ ಮುದುಡಿ ಮಲಗಿದ್ದ. ಕೈಕಾಲಿನ ಮೂಳೆಗಳು ತೀರಾ ಸಣಕಲು.

ಲೋರ್ನಾ ಟಿಲ್ಲಿ ಮತ್ತು ಮಾರ್ಕ್ ಆಕ್ಸೆನ್‌ಹ್ಯಾಮ್ ಅವನ ಅಸ್ಥಿಗಳನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಕುತ್ತಿಗೆಯ ಮೂಳೆಗಳು ಹುಟ್ಟಿನಿಂದಲೇ ಒಂದಕ್ಕೊಂದು ಬೆಸೆದುಕೊಳ್ಳುವ ಕ್ಲಿಪ್ಪೆಲ್-ಫೀಲ್ ಸಿಂಡ್ರೋಮ್ ಅವನಿಗಿತ್ತು. ಹದಿಹರೆಯದ ಹೊತ್ತಿಗೆ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು, ಕೈಗಳ ಬಳಕೆಯೂ ಅಷ್ಟಕ್ಕಷ್ಟೇ ಎಂಬುದು ಅವರ ತೀರ್ಮಾನ. ಆಮೇಲೂ ಅವನು ಸುಮಾರು 10 ವರ್ಷ ಬದುಕಿದ್ದ!

ಹತ್ತು ವರ್ಷ ಅಂದರೆ 3,650 ದಿನ. ನಮ್ಮಜ್ಜಿ ಹಾಸಿಗೆ ಹಿಡಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂದಿದ್ದರು ಡಾಕ್ಟರ್. ಅಮ್ಮ, ಚಿಕ್ಕಪ್ಪ, ನಾನು ಫೋನಿನಲ್ಲಿ ಅಲಾರಂ ಇಟ್ಟು ಪಾಳಿ ಹಾಕಿಕೊಂಡೆವು. ವಾಟರ್‌ಬೆಡ್, ಡೈಪರ್, ಔಷಧಿ ಎಲ್ಲ ಇತ್ತು. ಆದರೂ ಮೂರೇ ತಿಂಗಳಿಗೆ ಮೂವರೂ ಹೈರಾಣ.

ಮಾನ್ ಬಾಕ್‌ನವರಿಗೆ ಲೋಹವೂ ಗೊತ್ತಿರಲಿಲ್ಲ. ಮೀನು ಹಿಡಿದು, ಬೇಟೆಯಾಡಿ, ಹಂದಿ ಸಾಕಿ ಹೊಟ್ಟೆ ಹೊರೆಯುತ್ತಿದ್ದ ಜನ. ಅಂಥಲ್ಲಿ ಯಾರೋ ಅವನಿಗೆ ಉಣ್ಣಿಸಿದರು, ಮೈ ತೊಳೆದರು, ಮಲಮೂತ್ರ ಬಳಿದರು, ಎತ್ತಿ ಬಿಸಿಲಿಗೆ ಕೂರಿಸಿರಲೂಬಹುದು. ಒಬ್ಬರಿಂದ ಆಗುವ ಕೆಲಸವಲ್ಲ ಇದು. ಅವನ ಪಕ್ಕ ಕೂತವರ ಪಾಲಿನ ಮೀನನ್ನು ಇನ್ಯಾರೋ ಹಿಡಿದು ತರಬೇಕಿತ್ತಲ್ಲ?

ಮುಂದೆ ಟಿಲ್ಲಿ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದರು. ಮೂಳೆ ನೋಡಿ ಕಾಯಿಲೆ ಗುರುತಿಸುವುದು ಮೊದಲ ಹೆಜ್ಜೆ. ಅದರೊಂದಿಗೆ ಇಷ್ಟು ಕಾಲ ಬದುಕಲು ಏನೇನು ಸಹಾಯ ಬೇಕಾಗಿತ್ತು, ಆ ಸಹಾಯ ಮಾಡಿದ ಸಮುದಾಯ ಎಂಥದ್ದು ಎಂದು ಕೇಳುವುದು ಮುಂದಿನದು.

ಅದೇ ಪ್ರಶ್ನೆ ನಮ್ಮ ಮನೆಗಳಿಗೂ ಸಲ್ಲುತ್ತದೆ. ಆರೈಕೆ ಅಂದರೆ ಪ್ರೀತಿಯ ಮಾತು ಅಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಪಾಳಿ, ನಿದ್ದೆಗೇಡು, ಬೆನ್ನುನೋವು. ಬಹಳಷ್ಟು ಕಡೆ ಅದೆಲ್ಲ ಒಬ್ಬ ಅಮ್ಮನದೋ ಸೊಸೆಯದೋ ತಲೆಗೇ ಬೀಳುತ್ತದೆ. ನಿಮ್ಮ ಮನೆಯಲ್ಲೂ ಯಾರಾದರೂ ಹಾಸಿಗೆ ಹಿಡಿದಿದ್ದರೆ, ನೋಡಿಕೊಳ್ಳುವವರ ಹೆಸರು ಎಣಿಸಿ ನೋಡಿ. ಒಂದೇ ಹೆಸರಿದ್ದರೆ, ಈ ಶನಿವಾರ ರಾತ್ರಿಯ ಪಾಳಿ ನೀವು ತಗೊಳ್ಳಿ.